ಎದೆಗೂಡಿನೊಳಗಿನ ಪಾಠಶಾಲೆ

ಹೃದಯದ ಮೇಲ್ಗಡೆ, ಎದೆಮೂಳೆಯ ಹಿಂದೆ ಅಡಗಿರುವ ಥೈಮಸ್ ಗ್ರಂಥಿಯನ್ನು ವೈದ್ಯರು ಬಹಳ ಕಾಲ ಕೆಲಸಕ್ಕೆ ಬಾರದ ಅಂಗವೆಂದೇ ತಿಳಿದಿದ್ದರು. ರೋಗಗಳೊಡನೆ ಹೋರಾಡುವ ಜೀವಕೋಶಗಳು ಪಾಠ ಕಲಿಯುವುದು ಅಲ್ಲಿಯೇ ಎಂಬುದು ತಿಳಿದದ್ದು 1961ರಲ್ಲಿ. ಹಸಿವು ಮತ್ತು ಜ್ವರ ಈ ಪಾಠಶಾಲೆಯನ್ನು ಹೇಗೆ ಕುಗ್ಗಿಸುತ್ತವೆ ಎಂಬುದನ್ನು ಪ್ರತಿಯೊಬ್ಬ ತಂದೆ ತಾಯಿಯೂ ತಿಳಿದಿರಬೇಕು.

ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಯಾವುದೇ ಶಾಲೆಗೆ ಹೋಗಿ ಮಕ್ಕಳ ಎಡತೋಳು ನೋಡಿ. ಬಹಳಷ್ಟು ಮಕ್ಕಳ ಭುಜದ ಕೆಳಗೆ ಬೇಳೆಯಷ್ಟು ಅಗಲದ ಒಂದು ಕಲೆ ಕಾಣುತ್ತದೆ. ಅವರ ತಂದೆ ತಾಯಿಯ ತೋಳಿನಲ್ಲೂ ಅದು ಇರಬಹುದು. ಹುಟ್ಟಿದೊಡನೆ ಹಾಕಿಸಿದ ಬಿಸಿಜಿ ಲಸಿಕೆಯ ಗುರುತು ಅದು. ಭಾರತದಲ್ಲಿ ಈ ಲಸಿಕೆಯ ಬಳಕೆ ಆರಂಭವಾದದ್ದು 1948ರಲ್ಲಿ.

ಸೂಜಿ ಚುಚ್ಚಿದ ಗಾಯ ಒಂದೆರಡು ದಿನದಲ್ಲಿ ಮಾಯುತ್ತದೆ. ಆಮೇಲೆ ಕೆಲವು ವಾರ ಏನೂ ಇಲ್ಲ. ಇನ್ನೇನು ಮರೆತೇ ಹೋಯಿತು ಎನ್ನುವಾಗ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ, ತುಸು ಕೀವಾಗುತ್ತದೆ, ಒಣಗಿ ಕಲೆಯಾಗುತ್ತದೆ. ಚೊಚ್ಚಲ ತಾಯಂದಿರು ಗಾಬರಿಪಡುತ್ತಾರೆ. ಗಾಬರಿ ಬೇಕಿಲ್ಲ. ಲಸಿಕೆಯಲ್ಲಿರುವುದು ದನಗಳಿಗೆ ಕ್ಷಯ ತರುವ ರೋಗಾಣುವಿನ ಪಳಗಿಸಿದ ತಳಿ. ಮಗುವಿನ ರಕ್ತದಲ್ಲಿರುವ ಟಿ ಕೋಶಗಳು ಅದನ್ನು ಪತ್ತೆಹಚ್ಚಿ, ಸಂಖ್ಯೆಯಲ್ಲಿ ಹೆಚ್ಚಿ, ಆ ಜಾಗಕ್ಕೆ ಮುತ್ತಿಗೆ ಹಾಕಿದ್ದರ ಫಲ ಆ ಗುಳ್ಳೆ. (ಕೆಲವು ಮಕ್ಕಳಲ್ಲಿ ಕಲೆ ಮೂಡುವುದಿಲ್ಲ. ಅಷ್ಟರಿಂದಲೇ ಲಸಿಕೆ ಕೆಲಸ ಮಾಡಲಿಲ್ಲ ಎನ್ನಲಾಗದು.)

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹೊರಗಿನ ಲೋಕವನ್ನೇ ಇನ್ನೂ ಕಾಣದ ಶಿಶುವಿನ ಮೈಯಲ್ಲಿ ‘ಇದು ನನ್ನದು, ಇದು ಪರಕೀಯ’ ಎಂದು ಗುರುತಿಸಬಲ್ಲ ಕೋಶಗಳು ಎಲ್ಲಿಂದ ಬಂದವು? ಅವಕ್ಕೆ ಪಾಠ ಹೇಳಿದವರು ಯಾರು?

ಥೈರಾಯ್ಡ್ ಅಲ್ಲ, ಥೈಮಸ್

ಟಿ ಕೋಶದ ಹೆಸರಿನಲ್ಲೇ ಉತ್ತರ ಇದೆ. ‘ಟಿ’ ಎಂದರೆ ಥೈಮಸ್. ಇದನ್ನು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯೊಂದಿಗೆ ಗೊಂದಲ ಮಾಡಿಕೊಳ್ಳುವವರು ಬಹಳ. ಥೈಮಸ್ ಇರುವುದು ಅದಕ್ಕಿಂತ ಕೆಳಗೆ, ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗವನ್ನು ಹೊದ್ದುಕೊಂಡಂತೆ. ಮೆತ್ತಗಿನ, ಎರಡು ಹಾಲೆಗಳ ಪುಟ್ಟ ಗ್ರಂಥಿ. ಹುಟ್ಟುವಾಗ ಅದರ ತೂಕ 12ರಿಂದ 15 ಗ್ರಾಂ. ಪ್ರಾಯಕ್ಕೆ ಬರುವ ಹೊತ್ತಿಗೆ 30ರಿಂದ 40 ಗ್ರಾಂ ಆಗುತ್ತದೆ. ಆಮೇಲೆ ಇಳಿಮುಖ. ಅರುವತ್ತು ದಾಟಿದವರಲ್ಲಿ ಅದರ ಬಹುಪಾಲು ಕೊಬ್ಬಾಗಿ ಮಾರ್ಪಟ್ಟಿರುತ್ತದೆ.

ಕುರಿಯಲ್ಲೂ ಹೀಗೆಯೇ. ಎಳೆ ಮರಿಯ ಎದೆಯಲ್ಲಿ, ಕುತ್ತಿಗೆಯ ಬುಡದಲ್ಲಿ ದಪ್ಪಗೆ, ಬೆಳ್ಳಗೆ ಕಾಣುವ ಥೈಮಸ್ ಮುದಿ ಟಗರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಬಾಲ್ಯದಲ್ಲಿ ಇಷ್ಟು ದೊಡ್ಡದಾಗಿದ್ದು, ವಯಸ್ಸಾದಂತೆ ತಾನಾಗಿ ಕರಗಿಹೋಗುವ ಅಂಗ ಏನು ಮಾಡುತ್ತಿರಬಹುದು? ಇದಕ್ಕೆ ಉತ್ತರ ಹುಡುಕುವ ಮುನ್ನ ವೈದ್ಯಲೋಕ ಒಂದು ದೊಡ್ಡ ತಪ್ಪು ಮಾಡಿತು.

ಬಡವರ ದೇಹ, ತಪ್ಪು ಲೆಕ್ಕ

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಅಂಗರಚನೆ ಕಲಿಯಲು ವೈದ್ಯರಿಗೆ ಸಿಗುತ್ತಿದ್ದ ಶವಗಳು ಹೆಚ್ಚಾಗಿ ಬಡವರವು. ಹೊಟ್ಟೆಗಿಲ್ಲದೆ, ದೀರ್ಘಕಾಲ ಕಾಯಿಲೆಯಿಂದ ನರಳಿ ಸತ್ತವರು. ಅಂಥ ದೇಹಗಳಲ್ಲಿ ಥೈಮಸ್ ಸೊರಗಿ ಸಣ್ಣಗಾಗಿರುತ್ತಿತ್ತು. ವೈದ್ಯರು ಅದನ್ನೇ ಸಹಜ ಗಾತ್ರವೆಂದು ಎಣಿಸಿದರು.

ಹೀಗಿರುವಾಗ, ಆರೋಗ್ಯವಾಗಿದ್ದು ರಾತ್ರಿ ಮಲಗಿದಲ್ಲೇ ಹಠಾತ್ತನೆ ಸತ್ತ ಶಿಶುಗಳ ದೇಹವನ್ನು ತೆರೆದಾಗ ಕಂಡದ್ದು ತುಂಬಿದ ಥೈಮಸ್. ‘ಓಹೋ, ಇದು ಊದಿಕೊಂಡು ಉಸಿರುನಾಳವನ್ನು ಒತ್ತಿದ್ದರಿಂದಲೇ ಮಗು ಸತ್ತಿದೆ’ ಎಂದು ತೀರ್ಮಾನವಾಯಿತು. ಇಲ್ಲದ ಕಾಯಿಲೆಗೆ ಲ್ಯಾಟಿನ್ ಹೆಸರೂ ಬಂತು. ಕಾಯಿಲೆ ಎಂದ ಮೇಲೆ ಚಿಕಿತ್ಸೆ ಬೇಡವೇ? ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಏನೂ ತೊಂದರೆಯಿಲ್ಲದ ಸಾವಿರಾರು ಶಿಶುಗಳ ಎದೆಗೆ ಥೈಮಸ್ ಕುಗ್ಗಿಸಲೆಂದು ಎಕ್ಸ್‌-ರೇ ಹಾಯಿಸಿದರು.

1931ರಲ್ಲೇ ಬ್ರಿಟನ್ನಿನ ತಜ್ಞರು ಇಂಥ ಕಾಯಿಲೆಗೆ ಆಧಾರವಿಲ್ಲವೆಂದು ಹೇಳಿದ್ದರು. ಆದರೂ ಪದ್ಧತಿ ಬೇಗ ನಿಲ್ಲಲಿಲ್ಲ. 1950ರಲ್ಲಿ ಕಹಿಸತ್ಯ ಹೊರಬಿತ್ತು. ಥೈರಾಯ್ಡ್ ಕ್ಯಾನ್ಸರಿಗೆ ತುತ್ತಾದ ಮಕ್ಕಳ ಹಿನ್ನೆಲೆ ಕೆದಕಿದಾಗ, ಅವರಲ್ಲಿ ಹಲವರಿಗೆ ಶೈಶವದಲ್ಲಿ ಥೈಮಸ್‌ಗೆಂದು ಎಕ್ಸ್‌-ರೇ ಕೊಟ್ಟದ್ದು ಕಂಡುಬಂತು.

ಆ ಶಿಶುಗಳ ಥೈಮಸ್ ದೊಡ್ಡದಾಗಿರಲಿಲ್ಲ. ಹಸಿದವರ ಥೈಮಸ್ ಸಣ್ಣದಾಗಿತ್ತು, ಅಷ್ಟೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬೇಕಾಗುತ್ತದೆ.

ಇಲಿಮರಿ ಹೇಳಿದ ಗುಟ್ಟು

ಥೈಮಸ್‌ನ ನಿಜವಾದ ಕೆಲಸವನ್ನು ಪತ್ತೆಹಚ್ಚಿದವರು ಜಾಕ್ ಮಿಲ್ಲರ್. 1931ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಶಾಂಘಾಯಿಯಲ್ಲಿ ಬಾಲ್ಯ ಕಳೆದು, ಆಸ್ಟ್ರೇಲಿಯದಲ್ಲಿ ವೈದ್ಯಶಾಸ್ತ್ರ ಓದಿದವರು. ಅವರು ಚಿಕ್ಕವರಿದ್ದಾಗ ಅಕ್ಕ ಕ್ಷಯದಿಂದ ತೀರಿಕೊಂಡರು. ಒಂದೇ ಮನೆಯಲ್ಲಿದ್ದೂ ಒಬ್ಬರಿಗೆ ರೋಗ ತಗಲುತ್ತದೆ, ಇನ್ನೊಬ್ಬರು ಪಾರಾಗುತ್ತಾರೆ, ಏಕೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

ಲಂಡನ್ನಿನ ಚೆಸ್ಟರ್ ಬೀಟಿ ಸಂಸ್ಥೆಯಲ್ಲಿ ಅವರು ಇಲಿಗಳ ರಕ್ತಕ್ಯಾನ್ಸರ್ ಅಭ್ಯಾಸ ಮಾಡುತ್ತಿದ್ದರು. ಆ ಕ್ಯಾನ್ಸರ್ ಮೊದಲು ತಲೆಯೆತ್ತುವುದು ಥೈಮಸ್‌ನಲ್ಲಿ. ಹೀಗಾಗಿ ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡುವ ಅಗತ್ಯ ಬಿತ್ತು. ದೊಡ್ಡ ಇಲಿಗಳಲ್ಲಿ ತೆಗೆದರೆ ಏನೂ ಆಗುತ್ತಿರಲಿಲ್ಲ. ಮರಿಗಳ ಕಥೆಯೇ ಬೇರೆಯಾಯಿತು. ಹಾಲು ಬಿಟ್ಟ ಮೇಲೆ ಅವು ಸೊರಗಿ, ಸೋಂಕು ತಗಲಿ ಸಾಯತೊಡಗಿದವು. ಅವುಗಳ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಬಹಳ ಕಡಿಮೆ ಇದ್ದವು. ಬೇರೆ ತಳಿಯ ಇಲಿಯ ಚರ್ಮವನ್ನು ಕಸಿಮಾಡಿದರೆ, ಸಾಮಾನ್ಯವಾಗಿ ಅದನ್ನು ತಿರಸ್ಕರಿಸಬೇಕಾದ ದೇಹ ತೆಪ್ಪಗೆ ಒಪ್ಪಿಕೊಂಡಿತು. ಪರಕೀಯವನ್ನು ಗುರುತಿಸುವ ಶಕ್ತಿಯೇ ಆ ಮರಿಗಳಿಗೆ ಬಂದಿರಲಿಲ್ಲ!

1961ರಲ್ಲಿ ಮಿಲ್ಲರ್ ಇದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲರೂ ನಂಬಲಿಲ್ಲ. ನೊಬೆಲ್ ಪಡೆದಿದ್ದ ಪೀಟರ್ ಮೆಡಾವರ್ ಅಂಥವರೇ, ಥೈಮಸ್‌ನಲ್ಲಿ ಲಿಂಫೋಸೈಟ್‌ಗಳಿರುವುದು ವಿಕಾಸದ ಒಂದು ಆಕಸ್ಮಿಕ, ಅದಕ್ಕೆ ಹೆಚ್ಚಿನ ಅರ್ಥವಿಲ್ಲ ಎಂದು ಭಾವಿಸಿದ್ದರು.

ಇದೇ ಕಾಲಕ್ಕೆ ಕೋಳಿಗಳಿಂದ ಇನ್ನೊಂದು ಸುಳಿವು ಸಿಕ್ಕಿತು. ಕೋಳಿಯ ಗುದದ್ವಾರದ ಬಳಿ ಬರ್ಸಾ ಎಂಬ ಪುಟ್ಟ ಚೀಲ ಇರುತ್ತದೆ. ಅದನ್ನು ತೆಗೆದ ಕೋಳಿಗಳ ರಕ್ತದಲ್ಲಿ ಪ್ರತಿಕಾಯ ತಯಾರಾಗುವುದಿಲ್ಲವೆಂದು ಅಮೆರಿಕದ ಬ್ರೂಸ್ ಗ್ಲಿಕ್ 1956ರಲ್ಲಿ ತೋರಿಸಿದ್ದರು. 1965ರಲ್ಲಿ ಮ್ಯಾಕ್ಸ್ ಕೂಪರ್ ಎರಡು ಎಳೆಗಳನ್ನೂ ಜೋಡಿಸಿದರು. ಲಿಂಫೋಸೈಟ್‌ಗಳಲ್ಲಿ ಎರಡು ವಂಶಗಳಿವೆ. ಬರ್ಸಾದಲ್ಲಿ ಬೆಳೆಯುವ ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಥೈಮಸ್‌ನಲ್ಲಿ ಬೆಳೆಯುವ ಟಿ ಕೋಶಗಳು ನೇರವಾಗಿ ಕಾದಾಡುತ್ತವೆ, ಬಿ ಕೋಶಗಳಿಗೂ ನೆರವಾಗುತ್ತವೆ. ಮನುಷ್ಯನಿಗೆ ಬರ್ಸಾ ಇಲ್ಲ. ನಮ್ಮಲ್ಲಿ ಬಿ ಕೋಶಗಳು ಬೆಳೆಯುವುದು ಅಸ್ಥಿಮಜ್ಜೆಯಲ್ಲಿ. ಕೂಪರ್ ಮತ್ತು ಮಿಲ್ಲರ್ ಇಬ್ಬರಿಗೂ 2019ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಕೋಳಿ ಸಾಕುವವರಿಗೆ ಈ ಬರ್ಸಾ ಹೊಸದಲ್ಲ. ಅವರು ಹೆದರುವ ಗುಂಬೊರೊ ರೋಗದ ವೈರಸ್ ಹಾಳುಮಾಡುವುದು ಈ ಚೀಲವನ್ನೇ. ಆ ರೋಗದಿಂದ ಬದುಕುಳಿದ ಮರಿಗಳಿಗೆ ಆಮೇಲೆ ಬೇರೆ ಲಸಿಕೆ ಹಾಕಿದರೂ ಸರಿಯಾಗಿ ಹತ್ತುವುದಿಲ್ಲ. ಪಾಠಶಾಲೆ ಕೆಟ್ಟರೆ ಪಾಠ ಎಲ್ಲಿಯದು?

ಕಾಳೆಷ್ಟು, ಜೊಳ್ಳೆಷ್ಟು

ಇನ್ನು ಥೈಮಸ್‌ನ ಒಳಗೆ ಇಣುಕೋಣ. ತುಂಗಭದ್ರಾ ಎಡದಂಡೆ ನಾಲೆಯ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಭತ್ತದ ಸಸಿ ಮೊದಲು ಬೆಳೆಯುವುದು ಸಸಿಮಡಿಯಲ್ಲಿ. ಅಲ್ಲಿಂದ ಕಿತ್ತು ಗದ್ದೆಯಲ್ಲಿ ನಾಟಿ ಮಾಡಿದ ಮೇಲೇ ತೆನೆ. ಅದೇ ರೀತಿ ಟಿ ಕೋಶದ ಮೂಲ ಇರುವುದು ಅಸ್ಥಿಮಜ್ಜೆಯಲ್ಲಿ. ಅಲ್ಲಿಂದ ಎಳೆಯ ಕೋಶಗಳು ರಕ್ತದಲ್ಲಿ ತೇಲಿ ಬಂದು ಥೈಮಸ್ ಸೇರುತ್ತವೆ. ಬರುವಾಗ ಅವು ಏನಾಗಬೇಕೆಂಬುದು ಇನ್ನೂ ಪೂರ್ತಿ ತೀರ್ಮಾನವಾಗಿರುವುದಿಲ್ಲ. ನಾಲ್ಕು ಹಂತಗಳಲ್ಲಿ ಆ ತೀರ್ಮಾನ ಆಗುತ್ತದೆ.

ಮೊದಲನೆಯದು ವಂಶದ ತೀರ್ಮಾನ. ಥೈಮಸ್‌ನ ಗೋಡೆಯ ಕೋಶಗಳು ಹೊಸಬರನ್ನು ಮುಟ್ಟಿ ಒಂದು ಸಂಕೇತ ಕೊಡುತ್ತವೆ. ಅದರ ಹೆಸರು ನಾಚ್, ಅಂದರೆ ಕಚ್ಚು. ರೆಕ್ಕೆಯ ಅಂಚಿನಲ್ಲಿ ಕಚ್ಚು ಬಿದ್ದ ಹಣ್ಣುನೊಣಗಳಲ್ಲಿ ಮೊದಲು ಕಂಡ ಜೀನ್ ಆದ್ದರಿಂದ ಈ ಹೆಸರು. ಈ ಸಂಕೇತ ಸಿಕ್ಕ ಕೋಶ ಟಿ ವಂಶಕ್ಕೆ ಸೇರುತ್ತದೆ. ಸಿಗದಿದ್ದರೆ ಥೈಮಸ್‌ನೊಳಗೇ ಇದ್ದರೂ ಅದು ಬಿ ಕೋಶವಾಗಿಬಿಡಬಹುದು. ನೊಣದ ರೆಕ್ಕೆಗೂ ಮಗುವಿನ ಆರೋಗ್ಯಕ್ಕೂ ಒಂದೇ ಜೀನ್! ಬೆಂಗಳೂರಿನಲ್ಲಿ ಅಪೂರ್ವಾ ಸರೀನ್ ಅವರ ಪ್ರಯೋಗಾಲಯ ಇದೇ ನಾಚ್ ಸಂಕೇತ ಟಿ ಕೋಶಗಳ ಅಳಿವು ಉಳಿವನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದನ್ನು ಅಭ್ಯಸಿಸಿದೆ.

ಎರಡನೆಯದು ಆಯುಧದ ತಯಾರಿ. ಪ್ರತಿ ಟಿ ಕೋಶದ ಮೈಮೇಲೆ ಶತ್ರುವನ್ನು ಗುರುತಿಸುವ ಗ್ರಾಹಕ ಎಂಬ ಪ್ರೋಟೀನ್ ಇರುತ್ತದೆ. ಲೋಕದಲ್ಲಿರುವ ಅಸಂಖ್ಯ ರೋಗಾಣುಗಳಿಗೆ ಒಂದೊಂದರಂತೆ ಜೀನ್ ಇಟ್ಟುಕೊಳ್ಳಲು ಯಾವ ಜೀವಿಗೂ ಆಗದು. ಅದಕ್ಕೆ ಕೋಶ ಒಂದು ಉಪಾಯ ಮಾಡುತ್ತದೆ. ತನ್ನ ಡಿಎನ್‌ಎಯ ತುಂಡುಗಳನ್ನು ಕತ್ತರಿಸಿ, ಇಸ್ಪೀಟಿನ ಎಲೆ ಕಲಸಿದಂತೆ ಕಲಸಿ, ಹೊಸ ಜೋಡಣೆ ಮಾಡುತ್ತದೆ. ಪ್ರತಿ ಕೋಶಕ್ಕೂ ಸಿಗುವುದು ಬೇರೆ ಬೇರೆ ಎಲೆ. ಪ್ರತಿಕಾಯಗಳ ಜೀನ್‌ಗಳಲ್ಲಿ ಇಂಥ ಕಲಸಾಟ ನಡೆಯುವುದನ್ನು 1976ರಲ್ಲಿ ತೋರಿಸಿದ ಸುಸುಮು ಟೊನೆಗಾವ ಅವರಿಗೆ 1987ರ ನೊಬೆಲ್ ದೊರೆಯಿತು. ಜೋಡಣೆಯ ಬಗೆಗೆ ತಕ್ಕಂತೆ ಟಿ ವಂಶ ಮತ್ತೆ ಕವಲೊಡೆಯುತ್ತದೆ. ಆಲ್ಫಾ-ಬೀಟಾ ಎಂಬುದು ದೊಡ್ಡ ಕವಲು, ಗಾಮಾ-ಡೆಲ್ಟಾ ಎಂಬುದು ಚಿಕ್ಕದು.

ಮೂರನೆಯದು ಮೊದಲ ಪರೀಕ್ಷೆ. ಕುರುಡಾಗಿ ಕಲಸಿದ ಎಲೆ ಎಂದ ಮೇಲೆ ಎಲ್ಲವೂ ಆಟಕ್ಕೆ ಬರುವುದಿಲ್ಲ. ನಮ್ಮ ದೇಹದ ಕೋಶಗಳು ತಮ್ಮೊಳಗಿನ ಪ್ರೋಟೀನಿನ ಚೂರುಗಳನ್ನು ಎಂಎಚ್‌ಸಿ ಎಂಬ ತಟ್ಟೆಯ ಮೇಲಿಟ್ಟು ಹೊರಗೆ ತೋರಿಸುತ್ತವೆ. ಸೋಂಕು ತಗಲಿದ ಕೋಶ ರೋಗಾಣುವಿನ ಚೂರನ್ನೂ ಹಾಗೆಯೇ ತೋರಿಸುತ್ತದೆ. ಟಿ ಕೋಶ ಶತ್ರುವನ್ನು ನೋಡುವುದು ಈ ತಟ್ಟೆಯ ಮೇಲೆ ಇಟ್ಟಾಗ ಮಾತ್ರ. ಇದನ್ನು ಕಂಡುಹಿಡಿದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಬಂತು. ಥೈಮಸ್‌ನ ಹೊರಪದರದಲ್ಲಿ ಕೇಳುವ ಪ್ರಶ್ನೆ ಇಷ್ಟೇ: ನಿನಗೆ ಸ್ವಂತ ಮನೆಯ ತಟ್ಟೆ ಗುರುತಿಸಲು ಬರುತ್ತದೆಯೇ? ಬಾರದ ಕೋಶವನ್ನು ಯಾರೂ ಕೊಲ್ಲಬೇಕಿಲ್ಲ. ಬದುಕು ಎಂಬ ಸಂಕೇತ ಸಿಗದೆ ಅದು ತಾನಾಗಿ ಸಾಯುತ್ತದೆ.

ಈ ಹಂತದಲ್ಲಿ ಕೋಶದ ಮೈಮೇಲೆ ಸಿಡಿ4, ಸಿಡಿ8 ಎಂಬ ಎರಡು ಪ್ರೋಟೀನುಗಳೂ ಇರುತ್ತವೆ. ತಟ್ಟೆಯಲ್ಲಿ ಎರಡು ಬಗೆ ಇದೆ. ಒಂದು ಬಗೆಯ ತಟ್ಟೆಗೆ ಹೊಂದಿಕೊಂಡ ಕೋಶ ಸಿಡಿ4 ಉಳಿಸಿಕೊಂಡು ಸಹಾಯಕ ಕೋಶವಾಗುತ್ತದೆ. ಇನ್ನೊಂದಕ್ಕೆ ಹೊಂದಿಕೊಂಡದ್ದು ಸಿಡಿ8 ಉಳಿಸಿಕೊಂಡು ಮಾರಕ ಕೋಶವಾಗುತ್ತದೆ. ಸೋಂಕು ತಗಲಿದ ಕೋಶಗಳನ್ನು ಕೊಲ್ಲುವುದು ಅದರ ಕೆಲಸ. ಎಚ್‌ಐವಿ ಹಾಳುಮಾಡುವುದು ಸಿಡಿ4 ಕೋಶಗಳನ್ನು ಎಂದರೆ ಸಹಾಯಕರ ಮಹತ್ವ ತಿಳಿದೀತು.

ನಾಲ್ಕನೆಯದು ಕೊನೆಯ, ಕಠಿಣ ಪರೀಕ್ಷೆ. ಅದು ನಡೆಯುವುದು ಥೈಮಸ್‌ನ ಒಳಪದರದಲ್ಲಿ. ಸ್ವಂತ ದೇಹವನ್ನೇ ಶತ್ರುವೆಂದು ತಿಳಿಯುವ ಕೋಶ ಹೊರಗೆ ಹೋದರೆ ಗತಿಯೇನು? ಅದಕ್ಕಾಗಿ ಅಲ್ಲಿಯ ಕೋಶಗಳು ಒಂದು ವಿಚಿತ್ರ ಕೆಲಸ ಮಾಡುತ್ತವೆ. ಮೇದೋಜೀರಕ ಗ್ರಂಥಿಯಲ್ಲಿ ಮಾತ್ರ ತಯಾರಾಗಬೇಕಾದ ಇನ್ಸುಲಿನ್, ಬೇರೆ ಬೇರೆ ಅಂಗಗಳಿಗೆ ಮೀಸಲಾದ ನೂರಾರು ಪ್ರೋಟೀನುಗಳು, ಎಲ್ಲವನ್ನೂ ತುಸು ತುಸು ತಯಾರಿಸಿ ತೋರಿಸುತ್ತವೆ. ಊರಿನ ಎಲ್ಲ ಮನೆಗಳ ಚಿತ್ರವನ್ನು ಒಂದೇ ಗೋಡೆಯ ಮೇಲೆ ತೂಗುಹಾಕಿದಂತೆ. ಇದರ ಹಿಂದಿರುವುದು 1997ರಲ್ಲಿ ಪತ್ತೆಯಾದ ಐರ್ ಎಂಬ ಜೀನ್. ಆ ಚಿತ್ರಗಳನ್ನು ಕಂಡು ಕೆರಳುವ ಕೋಶಕ್ಕೆ ಅಲ್ಲೇ ಮರಣ.

ಎಷ್ಟು ಮಂದಿ ಪಾಸಾಗುತ್ತಾರೆ? ಎಳೆ ಇಲಿಯ ಥೈಮಸ್‌ನಲ್ಲಿ ದಿನಕ್ಕೆ ಸುಮಾರು 5 ಕೋಟಿ ಕೋಶಗಳು ಹುಟ್ಟುತ್ತವೆ. ಹೊರಗೆ ಬರುವುದು 10ರಿಂದ 20 ಲಕ್ಷ ಮಾತ್ರ. ನೂರಕ್ಕೆ ಎರಡೋ ನಾಲ್ಕೋ ಕಾಳು, ಮಿಕ್ಕಿದ್ದೆಲ್ಲ ಜೊಳ್ಳು. ಇಷ್ಟು ಕಟ್ಟುನಿಟ್ಟಾಗಿ ತೂರಿ ಆರಿಸುವುದರಿಂದಲೇ ಸಾಮಾನ್ಯವಾಗಿ ನಮ್ಮ ಸೈನ್ಯ ನಮ್ಮ ಮೇಲೆ ತಿರುಗಿ ಬೀಳುವುದಿಲ್ಲ.

ಕಾವಲುಗಾರರಿಗೆ ಕಾವಲು

ಆದರೂ ಕೆಲವು ಕಿಡಿಗೇಡಿ ಕೋಶಗಳು ಕಣ್ತಪ್ಪಿಸಿ ಹೊರಬರುವುದುಂಟು. ಅವನ್ನು ಹದ್ದುಬಸ್ತಿನಲ್ಲಿಡುವವರು ಯಾರು? ಹುಟ್ಟಿದ ಮೂರನೆಯ ದಿನ ಥೈಮಸ್ ತೆಗೆದ ಇಲಿಗಳಲ್ಲಿ ಸ್ವಂತ ಅಂಗಗಳ ಮೇಲೇ ದಾಳಿ ನಡೆಯುವುದನ್ನು ಜಪಾನಿನ ವಿಜ್ಞಾನಿಗಳು ಕಂಡಿದ್ದರು. ಶಿಮೋನ್ ಸಕಾಗುಚಿ ಅಂಥ ಇಲಿಗಳಿಗೆ ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರು. ದಾಳಿ ನಿಂತಿತು. ಹಾಗಾದರೆ ದಾಳಿಯನ್ನು ತಡೆಯುವ ಟಿ ಕೋಶಗಳೂ ಇವೆ ಎಂದಾಯಿತು. 1995ರಲ್ಲಿ ಅವರು ಅವನ್ನು ಬೇರ್ಪಡಿಸಿ ತೋರಿಸಿದರು. ಅವೇ ನಿಯಂತ್ರಕ ಟಿ ಕೋಶಗಳು. ಅವಕ್ಕೆ ಬೇಕಾದ ಜೀನ್ ಅನ್ನು 2001ರಲ್ಲಿ ಗುರುತಿಸಿದವರು ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಹಂಚಿಕೆಯಾಯಿತು. ಈ ಕೋಶಗಳಲ್ಲಿ ಬಹುಪಾಲು ತಯಾರಾಗುವುದೂ ಥೈಮಸ್‌ನಲ್ಲೇ.

ಮಕ್ಕಳಲ್ಲಿ ಕಾಣುವ ಮೊದಲ ಬಗೆಯ ಮಧುಮೇಹ ಸಿಹಿ ತಿಂದು ಬರುವುದಲ್ಲ. ಇನ್ಸುಲಿನ್ ತಯಾರಿಸುವ ಕೋಶಗಳನ್ನು ಸ್ವಂತ ಟಿ ಕೋಶಗಳೇ ನಾಶ ಮಾಡಿದಾಗ ಬರುವ ಕಾಯಿಲೆ. ಮನೆಯವರು ಮಗುವನ್ನಾಗಲೀ ತಮ್ಮನ್ನಾಗಲೀ ದೂರುವುದರಲ್ಲಿ ಅರ್ಥವಿಲ್ಲ.

ಬೆಂಗಳೂರಿನಲ್ಲಿ ಕಂಡ ಸಂಗತಿ

ಈಗ ಹಸಿದವರ ಸಣ್ಣ ಥೈಮಸ್‌ಗೆ ಬರೋಣ. ಅದು ಸಣ್ಣದಾಗುವುದೇಕೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ದೀಪಂಕರ ನಂದಿ ಮತ್ತು ಅವರ ವಿದ್ಯಾರ್ಥಿಗಳು ಇದರ ಒಂದು ಮುಖವನ್ನು ಅಭ್ಯಾಸ ಮಾಡಿದ್ದಾರೆ. ಇಲಿಗಳಲ್ಲಿ ಟೈಫಾಯ್ಡ್‌ನಂಥ ಜ್ವರ ತರುವ ಸಾಲ್ಮೊನೆಲ್ಲ ರೋಗಾಣುವಿನ ಸೋಂಕು ತಗಲಿದಾಗ ಥೈಮಸ್ ಸೊರಗಿಹೋಗುತ್ತದೆ. ಹೆಚ್ಚಾಗಿ ಸಾಯುವುದು ಸಿಡಿ4, ಸಿಡಿ8 ಎರಡೂ ಇರುವ, ಇನ್ನೂ ಪರೀಕ್ಷೆ ಮುಗಿಯದ ಎಳೆಯ ಕೋಶಗಳು. ಅವನ್ನು ಕೊಲ್ಲುವುದು ಎರಡು ಶಕ್ತಿಗಳು ಎಂದು 2013ರಲ್ಲಿ ಪ್ರಕಟವಾದ ಅವರ ಲೇಖನ ತೋರಿಸಿತು. ಒಂದು, ದೇಹ ಸಂಕಟದಲ್ಲಿದ್ದಾಗ ಸುರಿಯುವ ಸ್ಟಿರಾಯ್ಡ್ ಹಾರ್ಮೋನು. ಇನ್ನೊಂದು, ಸೋಂಕನ್ನು ಎದುರಿಸಲೆಂದೇ ದೇಹ ತಯಾರಿಸುವ ಇಂಟರ್‌ಫೆರಾನ್-ಗಾಮಾ. ಎರಡೂ ಕೂಡಿದಾಗ ಹಾನಿ ಹೆಚ್ಚು.

ಮನೆಗೆ ಬೆಂಕಿ ಬಿದ್ದಾಗ ಶಾಲೆಗೆ ಹೋಗಲಾದೀತೇ? ಎದುರಿಗಿರುವ ಶತ್ರುವಿನ ಮೇಲೆ ಎಲ್ಲ ಬಲ ಹಾಕುವ ದೇಹ ಮುಂದಿನ ಪಡೆಯ ತರಬೇತಿಯನ್ನು ಸದ್ಯಕ್ಕೆ ಕೈಬಿಟ್ಟಂತೆ ಕಾಣುತ್ತದೆ. ಒಂದೆರಡು ಬಾರಿ ಜ್ವರ ಬಂದು ಹೋದರೆ ಚಿಂತೆಯಿಲ್ಲ, ಥೈಮಸ್ ಮತ್ತೆ ಚೇತರಿಸಿಕೊಳ್ಳುತ್ತದೆ. ಕುಡಿಯುವ ನೀರು ಕೆಟ್ಟು, ಭೇದಿಯ ಮೇಲೆ ಭೇದಿ, ಜ್ವರದ ಮೇಲೆ ಜ್ವರ ಬರುವ ಮಗುವಿನ ಪಾಡು ಬೇರೆ.

ತೂಕ ಬಂತು, ಶಕ್ತಿ ಬಂತೇ?

ಸೋಂಕಿಗಿಂತ ದೊಡ್ಡ ಶತ್ರು ಹಸಿವು. ತೀವ್ರ ಅಪೌಷ್ಟಿಕತೆಗೆ ಸಿಕ್ಕ ಮಕ್ಕಳಲ್ಲಿ ಥೈಮಸ್ ಎಷ್ಟು ಕುಗ್ಗುತ್ತದೆಯೆಂದರೆ, ಶಸ್ತ್ರಕ್ರಿಯೆಯಿಲ್ಲದೆ ಹಸಿವೇ ಅದನ್ನು ತೆಗೆದುಹಾಕಿದಂತೆ ಎಂದು ವೈದ್ಯರು ಹೇಳುವುದುಂಟು. ಪ್ರೋಟೀನ್, ಸತು ಮುಂತಾದವುಗಳ ಕೊರತೆಯಿಂದ ಹೊಸ ಟಿ ಕೋಶಗಳ ಹುಟ್ಟು ನಿಲ್ಲುತ್ತ ಬರುತ್ತದೆ. ರೋಗ ಬರುತ್ತದೆ. ರೋಗ ಬಂದರೆ ಊಟ ಸೇರದು. ಊಟ ಸೇರದಿದ್ದರೆ ಥೈಮಸ್ ಇನ್ನಷ್ಟು ಸೊರಗುತ್ತದೆ.

ದಕ್ಷಿಣ ಅಮೆರಿಕದ ಬೊಲಿವಿಯದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಆಸ್ಪತ್ರೆಗೆ ಸೇರಿದ ಅಪೌಷ್ಟಿಕ ಮಕ್ಕಳ ತೂಕದ ಜೊತೆಗೆ ಅವರ ಥೈಮಸ್‌ನ ಗಾತ್ರವನ್ನೂ ಅಲ್ಟ್ರಾಸೌಂಡ್ ಮೂಲಕ ಅಳೆದರು. ಒಳ್ಳೆಯ ಆಹಾರ ಕೊಟ್ಟ ಮೇಲೆ ಮಕ್ಕಳ ಮೈತೂಕ ಸುಮಾರು ಒಂದು ತಿಂಗಳಲ್ಲಿ ಸರಿಹೋಯಿತು. ಥೈಮಸ್ ಸುಧಾರಿಸಲು ಹಿಡಿದದ್ದು ಸುಮಾರು ಎರಡು ತಿಂಗಳು. ಅಂದರೆ ‘ಮಗು ತುಂಬಿಕೊಂಡಿದೆ, ಇನ್ನು ಸಾಕು’ ಎಂದು ಮನೆಗೆ ಕಳಿಸುವ ಹೊತ್ತಿಗೆ ಒಳಗಿನ ಪಾಠಶಾಲೆ ಇನ್ನೂ ಅರ್ಧ ಖಾಲಿ!

ಅಂಗನವಾಡಿಯ ತಕ್ಕಡಿ, ತೋಳು ಸುತ್ತಳತೆಯ ಪಟ್ಟಿ ಎರಡೂ ಉಪಯುಕ್ತ. ಮಗು ಕೆಂಪು ಗೆರೆಯಿಂದ ಹಸಿರಿಗೆ ಬಂದದ್ದು ಸಂತೋಷವೇ. ಆದರೆ ಹಾಲು, ಮೊಟ್ಟೆ, ಬೇಳೆ, ಕಾಳು, ಶೇಂಗಾ ಉಂಡೆಗಳನ್ನು ಆ ದಿನವೇ ನಿಲ್ಲಿಸಬಾರದು. ಜ್ವರ ಇಳಿದ ಮೇಲೂ ಕೆಲವು ವಾರ ಮಗುವಿಗೆ ದಿನಕ್ಕೊಂದು ಊಟ ಹೆಚ್ಚಿಗೆ ಇರಲಿ. ಕಣ್ಣಿಗೆ ಕಾಣುವ ಮೈ ತುಂಬಿದ ಮೇಲೆ ಕಾಣದ ಥೈಮಸ್‌ನ ಸರದಿ. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿದಂತೆ ಈ ಭಾಗದ ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದಾಗ ಪರ ವಿರೋಧದ ಮಾತು ಬಹಳ ನಡೆಯಿತು. ಆ ವಾದದಲ್ಲಿ ಥೈಮಸ್‌ನ ಹೆಸರು ಯಾರ ಬಾಯಲ್ಲೂ ಬಂದಿರಲಾರದು. ಪ್ರೋಟೀನಿಗಾಗಿ ಕಾದಿರುವ ಅಂಗಗಳಲ್ಲಿ ಅದೂ ಒಂದು.

ಪಾಠಶಾಲೆಯೇ ಇಲ್ಲದ ಮಕ್ಕಳು

ಬಲು ಅಪರೂಪಕ್ಕೆ ಕೆಲವು ಮಕ್ಕಳು ಥೈಮಸ್ ಇಲ್ಲದೆಯೇ ಹುಟ್ಟುತ್ತಾರೆ. ಇನ್ನು ಕೆಲವರಲ್ಲಿ ಜೀನ್ ದೋಷದಿಂದ ಟಿ ಕೋಶಗಳು ಬೆಳೆಯುವುದೇ ಇಲ್ಲ. ಸ್ಕಿಡ್ ಎಂದು ಕರೆಯುವ ಈ ಎರಡನೆಯ ಬಗೆಯ ಕಾಯಿಲೆಯಿಂದ ಅಮೆರಿಕದ ಡೇವಿಡ್ ವೆಟ್ಟರ್ ಎಂಬ ಹುಡುಗ ಪ್ಲಾಸ್ಟಿಕ್ ಗೂಡಿನೊಳಗೇ ಬೆಳೆದು, 12ನೇ ವಯಸ್ಸಿನಲ್ಲಿ, 1984ರಲ್ಲಿ ತೀರಿಕೊಂಡದ್ದು ಲೋಕಕ್ಕೆಲ್ಲ ತಿಳಿದ ಕಥೆ. ಈಗ ಸ್ಕಿಡ್‌ಗೆ ಅಸ್ಥಿಮಜ್ಜೆಯ ಕಸಿ ಇದೆ. ಬೇಗ ಪತ್ತೆಯಾದಷ್ಟೂ ಮಗು ಬದುಕುವ ಭರವಸೆ ಹೆಚ್ಚು. ಥೈಮಸ್ ಇಲ್ಲದ ಮಕ್ಕಳಿಗೆ ಥೈಮಸ್ ಅಂಗಾಂಶವನ್ನೇ ಕಸಿಮಾಡುವ ಚಿಕಿತ್ಸೆಗೆ ಅಮೆರಿಕ 2021ರಲ್ಲಿ ಮಂಜೂರಾತಿ ಕೊಟ್ಟಿತು.

ಪತ್ತೆಹಚ್ಚುವ ಉಪಾಯವೂ ಚೆನ್ನಾಗಿದೆ. ಗ್ರಾಹಕ ತಯಾರಿಸುವಾಗ ಕತ್ತರಿಸಿ ಎಸೆದ ಡಿಎನ್‌ಎ ತುಂಡು ಉಂಗುರದಂತೆ ಸುತ್ತಿಕೊಂಡು ಕೋಶದಲ್ಲೇ ಉಳಿದಿರುತ್ತದೆ. ಹಸುಗೂಸಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಅಂಥ ಉಂಗುರಗಳನ್ನು ಎಣಿಸಿದರೆ ಥೈಮಸ್ ಎಷ್ಟು ಕೆಲಸ ಮಾಡಿದೆ ಎಂದು ತಿಳಿಯುತ್ತದೆ. ಬಡಗಿಯ ಮನೆಯ ಮುಂದಿನ ಹತ್ತರಿ ಹೊಟ್ಟು ನೋಡಿ ಕೆಲಸ ಅಳೆದಂತೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ 2018ರ ಹೊತ್ತಿಗೆ ಈ ಪರೀಕ್ಷೆ ಜಾರಿಗೆ ಬಂತು. ನಮ್ಮ ದೇಶದಲ್ಲಿ ಎಲ್ಲ ಶಿಶುಗಳಿಗೂ ಇದನ್ನು ಮಾಡುವ ಏರ್ಪಾಡು ಇನ್ನೂ ಇಲ್ಲ.

ನಮ್ಮಲ್ಲಿ ಇದು ಮುಖ್ಯವಾಗಲು ಇನ್ನೊಂದು ಕಾರಣವೂ ಇದೆ. ಸ್ಕಿಡ್‌ನ ಹಲವು ಬಗೆಗಳು ಕಾಣಿಸಿಕೊಳ್ಳುವುದು ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ. ಒಂದೇ ಮನೆತನದೊಳಗೆ ಮದುವೆಯಾದರೆ ಆ ಸಂಭವ ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಅಪ್ಪಾಜಿ ರಾವ್ ಹಾಗೂ ಎ.ಎಚ್.ಬಿಟಲ್ಸ್ ಮತ್ತಿತರರು 1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳ 1,07,518 ಮದುವೆಗಳನ್ನು ಪರಿಶೀಲಿಸಿದಾಗ ಶೇ 31.4ರಷ್ಟು ರಕ್ತಸಂಬಂಧದೊಳಗೆ ಆದವು ಎಂದು ಕಂಡುಬಂತು. ಸೋದರಮಾವನ ಜೊತೆ, ಸೋದರಮಾವನ ಮಗಳ ಜೊತೆ ಆದ ಮದುವೆಗಳೇ ಅದರಲ್ಲಿ ಹೆಚ್ಚು. ಅಂಥ ದಂಪತಿಗಳ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಹಸುಗೂಸುಗಳು ಸೋಂಕಿನಿಂದ ಒಂದಾದ ಮೇಲೊಂದು ತೀರಿಕೊಂಡಿದ್ದರೆ ‘ನಮ್ಮ ಹಣೆಬರಹ’ ಎಂದು ಸುಮ್ಮನಿರಬಾರದು.

ಬಿಸಿಜಿ ಮತ್ತು ಬಾಯಿಗೆ ಹಾಕುವ ಪೋಲಿಯೊ ಹನಿ ಜೀವಂತ ರೋಗಾಣುವಿನ ಲಸಿಕೆಗಳು. ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅವು ಸುರಕ್ಷಿತ, ಹಾಕಿಸಲೇಬೇಕು. ಮಿದುಳಿಗೆ ತಗಲುವ ಕ್ಷಯದಂಥ ಘೋರ ರೋಗದಿಂದ ಬಿಸಿಜಿ ಮಕ್ಕಳನ್ನು ಕಾಯುತ್ತದೆ. ಆದರೆ ಟಿ ಕೋಶವೇ ಇಲ್ಲದ ಅಪರೂಪದ ಮಗುವಿನಲ್ಲಿ ಪಳಗಿಸಿದ ರೋಗಾಣುವೂ ಮೈಯೆಲ್ಲ ಹರಡಬಲ್ಲದು. ಹಿಂದಿನ ಮಗು ಹೀಗೆ ತೀರಿಕೊಂಡಿದ್ದರೆ, ಹೊಸ ಕೂಸಿಗೆ ಈ ಲಸಿಕೆ ಹಾಕಿಸುವ ಮುನ್ನ ವೈದ್ಯರಿಗೆ ಆ ಮಾತು ತಿಳಿಸಬೇಕು. ಪದೇ ಪದೇ ನ್ಯುಮೋನಿಯ, ವಾಸಿಯಾಗದ ಭೇದಿ, ಬಾಯಲ್ಲಿ ಬಿಡದೆ ಬೆಳೆಯುವ ಬಿಳಿ ಅಗ್ರ, ಏರದ ತೂಕ, ಬಿಸಿಜಿ ಹಾಕಿದ ಕಡೆ ಹರಡುತ್ತ ಹೋಗುವ ಹುಣ್ಣು ಇವು ಶಿಶುವಿನಲ್ಲಿ ಕಂಡರೆ ಮಕ್ಕಳ ತಜ್ಞರಿಗೆ ತೋರಿಸುವುದು ಅಗತ್ಯ.

ಬಾಲ್ಯದ ಗಳಿಕೆ

ದೊಡ್ಡವರಿಗೆ ಥೈಮಸ್ ಬೇಡವೆಂದು ಬಹುಕಾಲ ನಂಬಿಕೆಯಿತ್ತು. ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಮತ್ತು ಕ್ಯಾನ್ಸರ್ ಹೆಚ್ಚು ಕಂಡುಬಂದದ್ದನ್ನು ಅಮೆರಿಕದ ಒಂದು ಅಧ್ಯಯನ 2023ರಲ್ಲಿ ವರದಿ ಮಾಡಿದ ಮೇಲೆ ಆ ನಂಬಿಕೆಯೂ ಸಡಿಲವಾಗಿದೆ. ಆದರೂ ನಮ್ಮ ಟಿ ಕೋಶಗಳ ಬಹುದೊಡ್ಡ ಬಂಡವಾಳ ಕೂಡುವುದು ಬಾಲ್ಯದಲ್ಲೇ. ಒಮ್ಮೆ ಹೊರಬಂದ ಕೋಶಗಳ ಸಂತತಿ, ಕಲಿತ ಪಾಠವನ್ನು ಮರೆಯದೆ ದಶಕಗಟ್ಟಲೆ ನಮ್ಮೊಡನೆ ಇರುತ್ತದೆ. ಅರುವತ್ತರ ಅಜ್ಜನನ್ನು ಇಂದು ಕಾಯುತ್ತಿರುವ ಕೋಶಗಳಲ್ಲಿ ಅನೇಕವು ಅವರ ಹುಡುಗಾಟದ ದಿನಗಳಲ್ಲಿ ಪಾಸಾದವುಗಳ ವಂಶ.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಸಾರುವ ಪುಡಿ, ಪಾನಕಗಳ ಜಾಹೀರಾತಿಗೆ ಈಗ ಕೊರತೆಯಿಲ್ಲ. ಅವುಗಳ ಹಣದಲ್ಲಿ ಮನೆಯಲ್ಲೇ ಮೊಟ್ಟೆ, ಹಾಲು, ಕಾಳು ತರಬಹುದು. ಕುದಿಸಿ ಆರಿಸಿದ ನೀರು, ಹೊತ್ತಿಗೆ ಸರಿಯಾದ ಊಟ, ವೇಳೆಗೆ ಹಾಕಿಸಿದ ಲಸಿಕೆ, ಕಾಯಿಲೆ ಬಿದ್ದು ಎದ್ದ ಮಗುವಿಗೆ ಇನ್ನೊಂದು ತಿಂಗಳ ಆರೈಕೆ ಇಷ್ಟಿದ್ದರೆ ಎದೆಗೂಡಿನ ಪಾಠಶಾಲೆ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.